ತುಕ್ಕು ಹಿಡಿದ ನಟ್ಟು

ಬ್ರೇಕ್ ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನ ಒತ್ತಡವು, ಹದಿನೇಳನೆಯ ಶತಮಾನದಲ್ಲಿ ಪಾಸ್ಕಲನು ನಿರೂಪಿಸಿದ ನಿಯಮದಂತೆ, ಉಕ್ಕಿನ ಸಣ್ಣ ಪೈಪುಗಳೊಳಗಿನ ಆಯಿಲಿನ ಮೂಲಕ ಚಕ್ರಗಳನ್ನು ಮುಟ್ಟುವುದೆಂಬುದು ತಮಗೆಲ್ಲ ವಿದಿತವೇ. ಆ ಪೈಪುಗಳ ತುದಿಯ ನಟ್ಟುಗಳು ತುಕ್ಕು ಹಿಡಿದರೆ ಬಿಚ್ಚುವುದು ಎಂಥ ಕಷ್ಟವೆಂಬುದನ್ನೂ ವಿಸ್ತರಿಸಬೇಕಾಗಿಲ್ಲ. ಆ ಕೆಲಸವನ್ನು ಕಲೆಯ ಮಟ್ಟಕ್ಕೆ ಏರಿಸಿದ ವೃದ್ಧ ಮೇಸ್ತ್ರಿಯೊಬ್ಬರ ವಿಷಯವನ್ನು ಹೇಳಲೆಂದೇ ನಾನು ಬಂದೆನು.

ಬೆಂಗಳೂರಿನ ಮಹಾಲಕ್ಷ್ಮಿ ಲೇಔಟಿನ ವೀರಾಂಜನೇಯ ದೇವಾಲಯಕ್ಕೆ ಅನತಿದೂರದಲ್ಲಿದ್ದ ಅವರ ಗ್ಯಾರೇಜಿಗೆ, ಮಂಗಳೂರಿನ ಕಡಲಗಾಳಿಯನ್ನು ಬಹುಕಾಲ ಉಂಡಿದ್ದ ಅಂಬಾಸಿಡರ್ ಕಾರೊಂದು ಬಂದಿತ್ತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ವಂಶಜವಾಗಿ 1957ರಿಂದ 2014ರವರೆಗೆ ತಯಾರಾದ ಈ ಗಾಡಿಯ ಗುಣಗಾನಕ್ಕೆ ಪ್ರತ್ಯೇಕ ಭಾಷಣವೇ ಬೇಕು, ಇರಲಿ. ಹುಡುಗನೊಬ್ಬ ಹಿಂಚಕ್ರದ ಬ್ರೇಕ್ ಪೈಪಿನ ನಟ್ಟಿಗೆ ಸಾಧಾರಣ ಸ್ಪ್ಯಾನರನ್ನು ಹಾಕಹೊರಟಾಗ ಮೇಸ್ತ್ರಿಗಳು, “ತಡಿಯಪ್ಪ, ಮೂಲೆ ಸವೆದ್ರೆ ಕೆಲಸ ಕೆಟ್ಟಂಗೆ,” ಎಂದು ತಡೆದರು. ಎರಡು ಮುಖಗಳನ್ನಷ್ಟೇ ಹಿಡಿಯುವ ಅದನ್ನು ಬದಿಗಿಟ್ಟು, ಪೈಪು ತೂರುವಷ್ಟು ಸೀಳಿರುವ, ನಟ್ಟನ್ನು ಸುತ್ತಲೂ ತಬ್ಬಿ ಹಿಡಿಯುವ ಫ್ಲೇರ್ ಸ್ಪ್ಯಾನರನ್ನು ಆರಿಸಿದರು.

ತಂತಿಬ್ರಷ್ಷಿನಿಂದ ತುಕ್ಕನ್ನು ಕೆರೆದು, ಸಂಜೆ ಎಣ್ಣೆ ಹಾಕಿದರು. ಅದೂ ಥ್ರೆಡ್ಡಿಗೆ ಮಾತ್ರವಲ್ಲ, ನಟ್ಟಿನ ಹಿಂಬದಿಯಲ್ಲಿ ಪೈಪು ಒಳಹೊಗುವ, ಬಹುಮಂದಿ ಮರೆಯುವ ಆ ಸಂದಿಗೂ. ಬೆಳಗ್ಗೆ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಬಿಚ್ಚುವುದಕ್ಕೆ ಮೊದಲು ಕೂದಲೆಳೆಯಷ್ಟು ಬಿಗಿದರು! ಕಿರ್ ಎಂದಿತು, ಅವರ ಮುಖ ಅರಳಿತು. ಬಳಿಕ ಒಂದಿಷ್ಟು ಸಡಿಲಿಸುವುದು, ಮರಳಿ ಬಿಗಿಯುವುದು, ಮತ್ತೆ ಎಣ್ಣೆ ಬಿಡುವುದು. ಅಷ್ಟು ಹೊತ್ತೂ ಎಡಗೈಯ ಎರಡು ಬೆರಳು ಪೈಪಿನ ಮೇಲೆಯೇ ಇದ್ದವು. ನಟ್ಟಿನೊಡನೆ ಪೈಪೂ ತಿರುಚಿಕೊಂಡರೆ ಅದು ಮುರಿಯುವುದು ನಿಶ್ಚಯವಷ್ಟೆ. ಬಲವಂತರು ಅನೇಕರನ್ನು ಕಂಡಿದ್ದೇನೆ. ಅಂಥ ಬೆರಳುಗಳನ್ನು ಇನ್ನೆಲ್ಲಿಯೂ ಕಾಣಲಿಲ್ಲ.

ಎಣ್ಣೆಯೆಂದೊಡನೆ ನೆನಪಾಗುವ ಡಬ್ಲ್ಯೂಡಿ-40 ಎಂಬುದು 1953ರಲ್ಲಿ ಅಮೆರಿಕದಲ್ಲಿ ನೀರನ್ನು ದೂರವಿಡಲೆಂದು ಹುಟ್ಟಿದ ವಸ್ತು. ಕ್ಷಿಪಣಿಗೂ ಅದನ್ನು ಬಳಿದರೆಂಬ ಸ್ವಾರಸ್ಯವಾದ ಕಥೆಯುಂಟು. ಆದರೆ ಬಾನುಲಿ ಸ್ಟುಡಿಯೋದ ಗಾಜಿನಾಚೆಯಿಂದ ಸಮಯವಾಯಿತೆಂಬ ಸೂಚನೆ ಬರುತ್ತಿದೆ, ಉಳಿದ ಎಚ್ಚರಿಕೆಗಳನ್ನು ಬೇಗ ಹೇಳಿಬಿಡುತ್ತೇನೆ: ನಟ್ಟಿಗೆ ಬೆಂಕಿ ತೋರಬೇಡಿ, ರಬ್ಬರ್ ಹೋಸು ಕೆಡುತ್ತದೆ, ಬ್ರೇಕ್ ಆಯಿಲೂ ಹೊತ್ತಿಕೊಳ್ಳುತ್ತದೆ, ಮೂಲೆ ಸವೆದೇಹೋಗಿದ್ದರೆ ಪೈಪನ್ನು ಕತ್ತರಿಸಿ ಆರುಮುಖದ ಸಾಕೆಟ್ ಹಾಕಿ, ಪೈಪು ಹೊಸದಾಗಲಿ, ಬಿಚ್ಚಿದ ಬಾಯಿಗೆ ಮುಚ್ಚಳವಿಡಿ, ಆಯಿಲು ಬಣ್ಣದ ಮೇಲೆ ಬಿದ್ದರೆ ಕೂಡಲೇ ನೀರಿನಿಂದ ತೊಳೆಯಿರಿ, ಜೋಡಿಸಿದ ಬಳಿಕ ಬ್ರೇಕ್ ಪೈಪುಗಳೊಳಗಿನ ಗಾಳಿ ತೆಗೆಯದೆ ಗಾಡಿಯನ್ನು ರಸ್ತೆಗಿಳಿಸಬೇಡಿ.