ಕಡಲ್ಗಳ್ಳರು ಸಿಕ್ಕರು, ಕಾನೂನು ಸಿಗಲಿಲ್ಲ

ನಡುಗಡಲಿನಲ್ಲಿ ಕಡಲ್ಗಳ್ಳರನ್ನು ಯಾವ ದೇಶದ ನೌಕಾಪಡೆಯಾದರೂ ಹಿಡಿಯಬಹುದು ಎನ್ನುತ್ತದೆ 1982ರ ವಿಶ್ವಸಂಸ್ಥೆ ಸಮುದ್ರ ಕಾನೂನು ಒಡಂಬಡಿಕೆ. ಹಿಡಿದ ಮೇಲೆ?

1999ರ ಅಕ್ಟೋಬರ್‌ನಲ್ಲಿ ಅಲ್ಯೂಮಿನಿಯಂ ಹೇರಿಕೊಂಡು ಇಂಡೋನೇಷ್ಯಾದಿಂದ ಜಪಾನಿಗೆ ಹೊರಟಿದ್ದ 'ಅಲೊಂಡ್ರಾ ರೇನ್‌ಬೋ' ಹಡಗು ಕಡಲ್ಗಳ್ಳರ ಪಾಲಾಯಿತು. 17 ಸಿಬ್ಬಂದಿಯನ್ನು ಅವರು ತೆಪ್ಪದಲ್ಲಿ ನಡುನೀರಿಗೆ ಬಿಟ್ಟರು. ಆ ಸಿಬ್ಬಂದಿಯನ್ನು ಕಾಪಾಡಿದವರು ಥಾಯ್ ಮೀನುಗಾರರು. ಕ್ವಾಲಾಲಂಪುರದ ಕಡಲ್ಗಳ್ಳತನ ಮಾಹಿತಿ ಕೇಂದ್ರ ಎಲ್ಲೆಡೆಗೆ ಸುದ್ದಿ ಮುಟ್ಟಿಸಿತು. ಹೆಸರು ಬದಲಾಗಿದ್ದ ಹಡಗನ್ನು ನವೆಂಬರ್‌ನಲ್ಲಿ ಭಾರತದ ತಟರಕ್ಷಣಾ ಪಡೆ ಮತ್ತು ನೌಕಾಪಡೆ ಅರಬ್ಬಿ ಸಮುದ್ರದಲ್ಲಿ ಬೆನ್ನಟ್ಟಿ ಹಿಡಿದವು.

ಆದರೆ ಕಡಲ್ಗಳ್ಳತನಕ್ಕೆಂದೇ ಭಾರತದಲ್ಲಿ ಆಗ ಕಾಯ್ದೆ ಇರಲಿಲ್ಲ. ದಂಡಸಂಹಿತೆಯ ಸಾಮಾನ್ಯ ಕಲಮುಗಳನ್ನೇ ಬಳಸಬೇಕಾಯಿತು. 2003ರಲ್ಲಿ ಮುಂಬೈ ನ್ಯಾಯಾಲಯ ಶಿಕ್ಷೆ ವಿಧಿಸಿದವರನ್ನು 2005ರಲ್ಲಿ ಹೈಕೋರ್ಟ್ ಖುಲಾಸೆಗೊಳಿಸಿತು. ಪ್ರತ್ಯೇಕ ಮಸೂದೆಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದು 2022ರ ಡಿಸೆಂಬರ್‌ನಲ್ಲಿ.

ಕಡಲಿನಲ್ಲಿ ದೇಶದೇಶಗಳು ಕೈಜೋಡಿಸಿದರಷ್ಟೇ ಸಾಲದು. ದಡದಲ್ಲಿ ಕಾನೂನೂ ಸಿದ್ಧವಿರಬೇಕು.