ಕಪಾಟಿನಲ್ಲಿದೆ, ಗೂಗಲ್‌ಗೆ ಗೊತ್ತಿಲ್ಲ

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಬೇಕಾಗಿದೆ ಅನ್ನಿ. ಮೊಬೈಲ್ ತೆಗೆದು ಗೂಗಲ್‌ನಲ್ಲಿ ಹುಡುಕುತ್ತೀರಿ. ಮಾರುವವರ ಹೆಸರುಗಳು ಸಾಲಾಗಿ ಬರುತ್ತವೆ. ಎರಡು ಬೀದಿ ಆಚೆಯ ಗ್ರಂಥಾಲಯದಲ್ಲಿ ಅದೇ ಪುಸ್ತಕ ಧೂಳು ಹಿಡಿದು ಕೂತಿರಬಹುದು. ಆ ಸುದ್ದಿ ಬರುವುದು ಅಪರೂಪ. ಗ್ರಂಥಾಲಯದ ಪಟ್ಟಿ ಅಂತರ್ಜಾಲಕ್ಕೆ ಏರಿ ವರ್ಷಗಳಾಗಿದ್ದರೂ ಇದೇ ಕಥೆ.

ಶೋಧಯಂತ್ರ ನಾವು ಕೇಳಿದ ಮೇಲೆ ಹುಡುಕಲು ಹೊರಡುವುದಿಲ್ಲ. ಅದರ ಪ್ರೋಗ್ರಾಮುಗಳು ಮೊದಲೇ ಪುಟದಿಂದ ಪುಟಕ್ಕೆ ಕೊಂಡಿ ಹಿಡಿದು ಅಲೆದು, ಕಂಡದ್ದನ್ನು ಬರೆದಿಟ್ಟುಕೊಂಡಿರುತ್ತವೆ. ಗ್ರಂಥಾಲಯದ ಪಟ್ಟಿಯ ಬಾಗಿಲಲ್ಲೋ ಒಂದು ಖಾಲಿ ಚೌಕ. ಹೆಸರು ಟೈಪ್ ಮಾಡಿದರಷ್ಟೇ ಪುಸ್ತಕದ ಪುಟ ಹುಟ್ಟುತ್ತದೆ. ಅಲೆಮಾರಿ ಪ್ರೋಗ್ರಾಮು ಏನೆಂದು ಟೈಪ್ ಮಾಡೀತು? ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಕೆಲವು ಹಳೆಯ ತಂತ್ರಾಂಶಗಳಲ್ಲಂತೂ ನೀವು ಎದ್ದುಹೋದ ಸ್ವಲ್ಪ ಹೊತ್ತಿಗೆ ಆ ಪುಟದ ವಿಳಾಸವೇ ಸತ್ತುಹೋಗುತ್ತದೆ. ಇನ್ನು ಕೆಲವೆಡೆ, ಸರ್ವರ್‌ಗೆ ಭಾರವಾದೀತೆಂದು ‘ಒಳಗೆ ಬರಬೇಡಿ’ ಎಂಬ ಫಲಕವನ್ನು ಗ್ರಂಥಾಲಯದವರೇ ಹಾಕಿರುತ್ತಾರೆ!

ಹಾಗಾಗಿ ಮೊದಲ ಕೆಲಸ, ಪ್ರತಿ ಪುಸ್ತಕಕ್ಕೂ ಬದಲಾಗದ ಒಂದು ವಿಳಾಸ. ಎರಡನೆಯದು, ಆ ವಿಳಾಸಗಳನ್ನೆಲ್ಲ ಶೋಧಯಂತ್ರಕ್ಕಾಗಿ ಬರೆದಿಟ್ಟ ಸೈಟ್‌ಮ್ಯಾಪ್ ಎಂಬ ಕಡತ. ಒಂದು ಕಡತದಲ್ಲಿ 50,000 ವಿಳಾಸ ಹಿಡಿಸುತ್ತದೆ. ನಮ್ಮ ಎಷ್ಟೋ ಕಾಲೇಜು ಗ್ರಂಥಾಲಯಗಳಿಗೆ ಒಂದೇ ಸಾಕು. ನ್ಯೂಜಿಲೆಂಡಿನಲ್ಲಿ ಹುಟ್ಟಿದ, ಇಲ್ಲಿಯೂ ಬಳಕೆಯಲ್ಲಿರುವ ಉಚಿತ ತಂತ್ರಾಂಶ ಕೋಹಾದಲ್ಲಿ ಈ ಕಡತ ತಯಾರಿಸುವ ಸೌಲಭ್ಯ ಇದೆ. ಅದನ್ನು ಚಾಲೂ ಮಾಡಬೇಕು, ಅಷ್ಟೇ.

ಭಾಷೆಯ ತೊಡಕೂ ಉಂಟು. ಗ್ರಂಥಾಲಯಗಳು ಪುಸ್ತಕದ ವಿವರ ದಾಖಲಿಸುವ ‘ಮಾರ್ಕ್’ ನಮೂನೆಯನ್ನು 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಆವ್ರಮ್ ರೂಪಿಸಿದರು. ಅದರಲ್ಲಿ 245 ಎಂದರೆ ಶೀರ್ಷಿಕೆ, 100 ಎಂದರೆ ಲೇಖಕ. ಗ್ರಂಥಪಾಲಕರಿಗೆ ಇದು ಬಾಯಿಪಾಠ, ಶೋಧಯಂತ್ರಕ್ಕೆ ಒಗಟು. 2011ರಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಸೇರಿ ‘ಸ್ಕೀಮಾ ಡಾಟ್ ಆರ್ಗ್’ ಎಂಬ ಸಾಮಾನ್ಯ ಪದಕೋಶ ಕಟ್ಟಿದವು: ಇದು ಪುಸ್ತಕ, ಇವರು ಲೇಖಕರು ಎಂದು ಪುಟದೊಳಗೇ ಗುರುತು ಹಾಕುವ ಕ್ರಮ. ಮರುವರ್ಷವೇ ಲೋಕದ ಸಾವಿರಾರು ಗ್ರಂಥಾಲಯಗಳ ಒಟ್ಟುಪಟ್ಟಿ ವರ್ಲ್ಡ್‌ಕ್ಯಾಟ್ ಅದನ್ನು ಅಳವಡಿಸಿಕೊಂಡಿತು. ನನ್ನನ್ನು ಕೇಳಿದರೆ, ಸಣ್ಣ ಗ್ರಂಥಾಲಯ ಒಂಟಿಯಾಗಿ ಕೂಗುವುದಕ್ಕಿಂತ ಇಂಥ ಒಟ್ಟುಪಟ್ಟಿಗೆ ಸೇರುವುದೇ ಜಾಣತನ.

ಕನ್ನಡದ ಕಷ್ಟ ಬೇರೆಯೇ. ಎಷ್ಟೋ ಕನ್ನಡ ಪುಸ್ತಕಗಳ ದಾಖಲೆ ರೋಮನ್ ಲಿಪಿಯಲ್ಲಿದೆ, ಅಕ್ಷರದ ಕೆಳಗೊಂದು ಚುಕ್ಕೆ, ಮೇಲೊಂದು ಗೆರೆ. ಕನ್ನಡದಲ್ಲಿ ‘ಮರಳಿ ಮಣ್ಣಿಗೆ’ ಎಂದು ಬರೆದು ಹುಡುಕುವವನಿಗೆ ಅದು ಸಿಗುವುದು ಹೇಗೆ? ಮೂಲ ಲಿಪಿಯನ್ನು ಬರೆಯಲೆಂದೇ ಮಾರ್ಕ್‌ನಲ್ಲಿ 880 ಎಂಬ ಜಾಗವಿದೆ. ಅದನ್ನು ಖಾಲಿ ಬಿಟ್ಟವರು ನಮ್ಮ ಗ್ರಂಥಾಲಯದವರೇ.

ನಿಮ್ಮ ಗ್ರಂಥಾಲಯದ ಪಟ್ಟಿ ಅಂತರ್ಜಾಲದಲ್ಲಿದ್ದರೆ ಇವತ್ತೇ ಒಂದು ಪುಸ್ತಕದ ಪುಟ ತೆರೆದು ವಿಳಾಸ ಬರೆದಿಟ್ಟುಕೊಳ್ಳಿ. ನಾಳೆ ಅದನ್ನೇ ಹಾಕಿ ನೋಡಿ. ತೆರೆಯದಿದ್ದರೆ ಗ್ರಂಥಪಾಲಕರ ಕಿವಿಗೆ ಹಾಕಿ.