ಈಜಿಪ್ಟಿನ ಗಡಿ ಅಂದು ತೆರೆದಿತ್ತು

(ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ)



ಕ್ರಿಸ್ಮಸ್ ಮುಗಿದು ಇನ್ನೂ ವಾರವಾಗಿಲ್ಲ. ದೇವಾಲಯದ ಗೋದಲಿ ಹಾಗೆಯೇ ಇದೆ, ಮನೆಮನೆಯ ನಕ್ಷತ್ರಗಳನ್ನು ಯಾರೂ ಇಳಿಸಿಲ್ಲ. ಅಷ್ಟರಲ್ಲೇ ಇಂದಿನ ಶುಭಸಂದೇಶ ಬೇರೊಂದು ಕಥೆಯನ್ನು ಹೇಳುತ್ತಿದೆ. ದೇವದೂತ ಕನಸಿನಲ್ಲಿ ಎಚ್ಚರಿಸುತ್ತಾನೆ. ಸಂತ ಜೋಸೆಫರು ಬೆಳಗಾಗುವವರೆಗೂ ಕಾಯದೆ ರಾತ್ರೋರಾತ್ರಿ ಎದ್ದು, ತಾಯಿಯನ್ನೂ ಮಗುವನ್ನೂ ಕರೆದುಕೊಂಡು ಈಜಿಪ್ಟಿನ ಕಡೆಗೆ ಹೊರಟುಬಿಡುತ್ತಾರೆ.

ಪ್ರತಿ ವರ್ಷ ಈ ಹಬ್ಬ ಬಂದಾಗ ನಾವು ಗುರುಗಳು ಹೇಳುವ ಮಾತು ನಿಮಗೆಲ್ಲ ಬಾಯಿಪಾಠವಾಗಿದೆ: ಸಂಜೆಯ ಜಪಸರ ಬಿಡಬೇಡಿ, ಊಟದ ಹೊತ್ತಿನಲ್ಲಿ ಮೊಬೈಲ್ ಬದಿಗಿಡಿ, ಮಕ್ಕಳು ಹೆತ್ತವರ ಮಾತು ಕೇಳಲಿ. ಅವೆಲ್ಲ ಬೇಕಾದ ಮಾತುಗಳೇ. ಆದರೆ ಈ ವಾಕ್ಯವನ್ನು ಇನ್ನೊಮ್ಮೆ ಓದಿ ನೋಡಿ. ಬಾಲಯೇಸುವಿನ ಜೀವ ಉಳಿದದ್ದು ಹೇಗೆ? ಜೋಸೆಫರ ವಿಧೇಯತೆಯಿಂದ, ಮರಿಯಮ್ಮನವರ ಧೈರ್ಯದಿಂದ ಎಂದು ಹೇಳುತ್ತೇವೆ. ಅದು ನಿಜ. ಆದರೆ ಅಷ್ಟೇ ನಿಜವಾದ ಇನ್ನೊಂದು ಸಂಗತಿಯಿದೆ. ಅವರು ನಡೆದು ಹೋದಾಗ ಈಜಿಪ್ಟಿನ ಗಡಿ ತೆರೆದಿತ್ತು. ಅದು ಮುಚ್ಚಿದ್ದರೆ ಆ ತಂದೆಯ ಪ್ರೀತಿಯಾಗಲಿ ತಾಯಿಯ ಪ್ರಾರ್ಥನೆಯಾಗಲಿ ಹೆರೋದನ ಸೈನಿಕರನ್ನು ಎಷ್ಟು ದಿನ ತಡೆಯುತ್ತಿತ್ತು? ನಮ್ಮ ಗೋದಲಿಯಲ್ಲಿ ಕುರುಬರಿದ್ದಾರೆ, ಜ್ಞಾನಿಗಳಿದ್ದಾರೆ, ಒಂಟೆಯೂ ಇದೆ. ಗಡಿಯಲ್ಲಿ ಆ ಕುಟುಂಬವನ್ನು ಒಳಗೆ ಬಿಟ್ಟವನ ಬೊಂಬೆ ಮಾತ್ರ ಇಲ್ಲ.

ಬೆತ್ಲೆಹೇಮಿನಿಂದ ಈಜಿಪ್ಟಿಗೆ ಹೋಗುವ ಹಳೆಯ ಕರಾವಳಿ ದಾರಿ ಗಾಜಾದ ಮೂಲಕ ಹಾದುಹೋಗುತ್ತದೆ. ಪವಿತ್ರ ಕುಟುಂಬ ಅಲ್ಲಿ ತಂಗಿ ಮುಂದೆ ನಡೆಯಿತು ಎಂಬುದು ಅಲ್ಲಿನ ಕ್ರೈಸ್ತರ ಪರಂಪರೆ. ಅದಕ್ಕೇ ಗಾಜಾಪಟ್ಟಿಯಲ್ಲಿರುವ ಒಂದೇ ಒಂದು ಕಥೋಲಿಕ ಧರ್ಮಕೇಂದ್ರದ ಹೆಸರು ಪವಿತ್ರ ಕುಟುಂಬ ದೇವಾಲಯ. ಇಂದು ನಮ್ಮ ಹಾಗೆ ಅವರಿಗೂ ಹಬ್ಬ. ಅಲ್ಲಿಂದ ಬೆತ್ಲೆಹೇಮಿಗೆ ಸುಮಾರು 70 ಕಿಲೋಮೀಟರ್, ಅಂದರೆ ಬೆಂಗಳೂರಿನಿಂದ ತುಮಕೂರಿನಷ್ಟು ದೂರ. ಆದರೆ ಕ್ರಿಸ್ಮಸ್ ಪೂಜೆಗೆ ಬೆತ್ಲೆಹೇಮಿಗೆ ಹೋಗಬೇಕೆಂದರೆ ಇಸ್ರೇಲ್ ಸರ್ಕಾರದ ಅನುಮತಿಪತ್ರ ಬೇಕು. ಮನೆಯಲ್ಲಿ ತಾಯಿಗೆ ಸಿಕ್ಕಿ ಮಕ್ಕಳಿಗೆ ಸಿಗದ ವರ್ಷಗಳೂ ಉಂಟು.

ಜೂನ್ 2007ರಲ್ಲಿ ಗಾಜಾದ ಆಡಳಿತವನ್ನು ಹಮಾಸ್ ಕೈಗೆ ತೆಗೆದುಕೊಂಡ ಮೇಲೆ ಇಸ್ರೇಲ್ ಅದರ ನೆಲ, ಸಮುದ್ರ, ಆಕಾಶ ಮೂರನ್ನೂ ಮುಚ್ಚಿತು. ಈಜಿಪ್ಟ್ ಕೂಡ ತನ್ನ ಕಡೆಯ ರಫಾ ಬಾಗಿಲನ್ನು ಬಹುಕಾಲ ಮುಚ್ಚಿಯೇ ಇಟ್ಟಿತು. ಯೇಸುಸ್ವಾಮಿಗೆ ತೆರೆದ ಅದೇ ಗಡಿ! ಆ ಪಟ್ಟಿಯ ವಿಸ್ತಾರ 365 ಚದರ ಕಿಲೋಮೀಟರ್. ಬೆಂಗಳೂರು ಮಹಾನಗರದ ಅರ್ಧದಷ್ಟು ಜಾಗದಲ್ಲಿ 20 ಲಕ್ಷ ಜನ. ಇಂಥ ಜಾಗಕ್ಕೆ 2020ರಲ್ಲಿ ಕೊರೋನಾ ಬಂತು.

ಆ ವರ್ಷವನ್ನು ನಾವು ಮರೆತಿಲ್ಲ. ನಮ್ಮ ದೇವಾಲಯಗಳ ಬಾಗಿಲು ಮುಚ್ಚಿತು. ಗರಿಗಳ ಭಾನುವಾರವನ್ನೂ ಪಾಸ್ಖವನ್ನೂ ಟಿವಿಯ ಮುಂದೆ ಕುಳಿತು ಆಚರಿಸಿದೆವು. ಗುರುಗಳು ಖಾಲಿ ಬೆಂಚುಗಳಿಗೆ ಪೂಜೆ ಅರ್ಪಿಸಿದರು. ಸತ್ತವರನ್ನು ಸಮಾಧಿ ಮಾಡಲು ನಾಲ್ಕು ಜನ ಸಿಗದ ದಿನಗಳೂ ಇದ್ದವು. ಆಗ ನಮಗೆಲ್ಲ ಹೇಳಿದ್ದು ಮೂರೇ ಮಾತು: ಕೈ ತೊಳೆಯಿರಿ, ದೂರವಿರಿ, ಮನೆಯಲ್ಲಿರಿ. ಗಾಜಾದ ಜನರಿಗೂ ಇದನ್ನೇ ಹೇಳಲಾಯಿತು. ಕೈ ತೊಳೆಯಲು ನೀರು? ಅಲ್ಲಿನ ಅಂತರ್ಜಲದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ಉಪ್ಪು ಮತ್ತು ಕೊಳಚೆ ಸೇರಿ ಕುಡಿಯಲು ಯೋಗ್ಯವಿಲ್ಲ. ದೂರವಿರಲು ಜಾಗ? ನಿರಾಶ್ರಿತರ ಶಿಬಿರಗಳಲ್ಲಿ ಒಂದು ಕೋಣೆಯಲ್ಲಿ ಏಳೆಂಟು ಜನ.

ಮೊದಲ ಸೋಂಕು ಕಂಡದ್ದು ಮಾರ್ಚ್ 2020ರಲ್ಲಿ, ಹೊರದೇಶದಿಂದ ಮರಳಿದ ಇಬ್ಬರಲ್ಲಿ. ಅವರನ್ನು ಗಡಿಯಲ್ಲೇ ಪ್ರತ್ಯೇಕವಾಗಿಟ್ಟರು. ಆಮೇಲೆ ಬಂದವರನ್ನೆಲ್ಲ ಶಾಲೆಗಳಲ್ಲಿ, ಹೋಟೆಲುಗಳಲ್ಲಿ 21 ದಿನ ಇಟ್ಟರು. ಐದು ತಿಂಗಳು ರೋಗ ಊರೊಳಗೆ ಕಾಲಿಡಲಿಲ್ಲ. ಆಗ ಆಸ್ಪತ್ರೆಗಳಲ್ಲಿದ್ದ ವೆಂಟಿಲೇಟರುಗಳು ಅರವತ್ತರ ಆಸುಪಾಸು, ಅವುಗಳಲ್ಲಿ ಹೆಚ್ಚಿನವು ಬೇರೆ ರೋಗಿಗಳಿಗೆ ಆಗಲೇ ಬಳಕೆಯಲ್ಲಿದ್ದವು. ಆ ಐದು ತಿಂಗಳು ಸಿದ್ಧತೆಗೆಂದು ದೇವರು ಕೊಟ್ಟ ಸಮಯ. ಲೋಕದ ಸರ್ಕಾರಗಳು ಅದನ್ನು ಬಳಸಿಕೊಂಡವೇ? ಆಗಸ್ಟ್ ತಿಂಗಳಲ್ಲಿ ಗಾಜಾದಿಂದ ಬೆಂಕಿ ಕಟ್ಟಿದ ಬಲೂನುಗಳು ಇಸ್ರೇಲಿನ ಹೊಲಗಳಿಗೆ ಹಾರಿಬಂದವು. ಪೈರು ಸುಟ್ಟವರ ಸಿಟ್ಟು ನಮಗೂ ಅರ್ಥವಾಗುತ್ತದೆ. ಅದಕ್ಕೆ ಪ್ರತಿಯಾಗಿ ಇಂಧನವನ್ನು ನಿಲ್ಲಿಸಲಾಯಿತು. ಗಾಜಾದ ಒಂದೇ ವಿದ್ಯುತ್ ಸ್ಥಾವರ ನಿಂತುಹೋಯಿತು. ದಿನಕ್ಕೆ ನಾಲ್ಕು ಗಂಟೆ ಕರೆಂಟು. ಸರಿಯಾಗಿ ಆ ವಾರದಲ್ಲೇ, ಆಗಸ್ಟ್ 24ರಂದು, ರೋಗ ಶಿಬಿರದೊಳಗೆ ಹರಡಿರುವುದು ಗೊತ್ತಾಯಿತು. ವೆಂಟಿಲೇಟರ್ ನಡೆಯುವುದು ಕರೆಂಟಿನಿಂದ ಎಂದು ವಿವರಿಸಬೇಕಾಗಿಲ್ಲ. ಇಂಧನ ಮತ್ತೆ ಬಂದದ್ದು ಕತಾರ್ ಸರ್ಕಾರ ನಡುವೆ ನಿಂತು ಮಾತನಾಡಿದ ಮೇಲೆ, ಸೆಪ್ಟೆಂಬರ್ ಆರಂಭದಲ್ಲಿ.

ನೆನಪಿದೆಯೇ, ಆ ವರ್ಷ ಶುಭಶುಕ್ರವಾರದ ಪವಿತ್ರ ನಾಡಿನ ಕಾಣಿಕೆಯನ್ನು ಜಗದ್ಗುರು ಫ್ರಾನ್ಸಿಸರು ಸೆಪ್ಟೆಂಬರ್ 13ಕ್ಕೆ ಮುಂದೂಡಿದ್ದರು. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಬಂದ ಕೆಲವೇ ಜನ ಕೈಲಾದಷ್ಟು ಹಾಕಿದೆವು. ಆ ಭಾನುವಾರ ಗಾಜಾ ಲಾಕ್‌ಡೌನಿನಲ್ಲಿತ್ತು. ನಮಗೆ ಅದರ ಸುದ್ದಿಯೇ ಇರಲಿಲ್ಲ, ಇದ್ದರೂ ಕೇಳುವ ಮನಸ್ಸಿರಲಿಲ್ಲ. ಕಾಣಿಕೆ ಹಾಕಿದ ಮೇಲೆ ನಮ್ಮ ಪಾಲಿನ ಕೆಲಸ ಮುಗಿಯಿತೆಂದುಕೊಂಡೆವು. ಇದನ್ನು ನಿಮ್ಮ ಮೇಲೆ ಹೊರಿಸುತ್ತಿಲ್ಲ. ಪೂಜಾಪೀಠದ ಈಚೆಗಿರುವವರೂ ಹಾಗೆಯೇ ಅಂದುಕೊಂಡಿದ್ದರು.

ಹಣ ಬಾಗಿಲವರೆಗೆ ಹೋಗುತ್ತದೆ, ಬಾಗಿಲು ತೆರೆಯುವುದು ಹಣದಿಂದ ಅಲ್ಲ. ಇದು ಲಸಿಕೆಯ ಹೊತ್ತಿನಲ್ಲಿ ಇನ್ನೂ ಸ್ಪಷ್ಟವಾಯಿತು. ಫೆಬ್ರವರಿ 2021ರ ವೇಳೆಗೆ ಇಸ್ರೇಲ್ ತನ್ನ ಜನಸಂಖ್ಯೆಯ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಂದಿಗೆ ಲಸಿಕೆ ಹಾಕಿ ಲೋಕಕ್ಕೇ ಮಾದರಿಯಾಗಿತ್ತು. ಆಗ ಗಾಜಾದ ವೈದ್ಯರಿಗೆ, ದಾದಿಯರಿಗೆ ಎಂದು ರಮಲ್ಲಾದಿಂದ ಹೊರಟ ಮೊದಲ ಲಸಿಕೆಗಳು ದಾರಿಯಲ್ಲೇ ತಡೆಯಲ್ಪಟ್ಟವು. ಅವನ್ನು ಬಿಡಬೇಕೇ, ಅಥವಾ ಹಮಾಸ್ ಕೈಯಲ್ಲಿದ್ದ ಇಬ್ಬರು ಇಸ್ರೇಲಿ ನಾಗರಿಕರನ್ನೂ ಇಬ್ಬರು ಸೈನಿಕರ ಶವಗಳನ್ನೂ ಕೊಟ್ಟರೆ ಮಾತ್ರ ಬಿಡಬೇಕೇ ಎಂದು ಇಸ್ರೇಲ್ ಸಂಸತ್ತಿನ ಸಮಿತಿಯಲ್ಲಿ ಚರ್ಚೆ ನಡೆಯಿತು. ಆ ಸೈನಿಕರ ತಾಯಂದಿರ ದುಃಖ ಸಣ್ಣದಲ್ಲ, ಮಗನ ಶವವಾದರೂ ಸಿಗಲಿ ಎಂದು ಅವರು ಕಾದದ್ದು ವರ್ಷಗಟ್ಟಲೆ. ಆದರೆ ದಾದಿಯ ತೋಳಿಗೆ ಚುಚ್ಚುವ ಸೂಜಿ ಅದಕ್ಕೆ ಬೆಲೆಯಾಗಬೇಕೇ? ಎರಡು ದಿನಗಳ ನಂತರ ಲಸಿಕೆಗಳು ಒಳಗೆ ಹೋದವು. ಹೊರಗಿನಿಂದ ಕೇಳುವವರಿದ್ದರು, ಅದಕ್ಕೇ ಹೋದವು ಎಂದು ನಮ್ಮ ಎಣಿಕೆ.

1949ರ ನಾಲ್ಕನೇ ಜಿನೀವಾ ಒಪ್ಪಂದದ 56ನೇ ವಿಧಿಯ ಪ್ರಕಾರ, ಒಂದು ನಾಡನ್ನು ಹಿಡಿದಿಟ್ಟುಕೊಂಡಿರುವ ಸರ್ಕಾರ ಅಲ್ಲಿ ಸಾಂಕ್ರಾಮಿಕ ರೋಗ ಹರಡದಂತೆ ನೋಡಿಕೊಳ್ಳಬೇಕು. ತಾನು 2005ರಲ್ಲೇ ಗಾಜಾ ಬಿಟ್ಟು ಬಂದೆ ಎಂದು ಇಸ್ರೇಲ್ ಹೇಳುತ್ತದೆ, ವಿಶ್ವಸಂಸ್ಥೆ ಅದನ್ನು ಒಪ್ಪುವುದಿಲ್ಲ. ಆ ವಾದ ವಕೀಲರಿಗಿರಲಿ. ಬೀಗದ ಕೈ ಯಾರ ಸೊಂಟದಲ್ಲಿದೆಯೋ ಒಳಗಿನ ರೋಗಿಗೆ ಅವರು ಉತ್ತರ ಕೊಡಬೇಕು ಎನ್ನಲು ಕಾನೂನು ಓದಬೇಕಾಗಿಲ್ಲ.

ಕೇಳಿದರೆ ಸರ್ಕಾರಗಳು ಕದಲುತ್ತವೆಯೇ ಎಂದು ನೀವು ಅನುಮಾನಪಡಬಹುದು. ನಮ್ಮದೇ ಅನುಭವ ನೋಡೋಣ. ಮೇ 2021ರಲ್ಲಿ ಚಾಮರಾಜನಗರದಲ್ಲಿ ಆಕ್ಸಿಜನ್ ಇಲ್ಲದೆ ಜನ ಸತ್ತರು. ಇಡೀ ನಾಡು ಕೂಗಿಕೊಂಡಿತು. ಮೇ 5ರಂದು ನಮ್ಮ ಹೈಕೋರ್ಟ್ ಕರ್ನಾಟಕಕ್ಕೆ ದಿನಕ್ಕೆ 1200 ಟನ್ ಕೊಡಿ ಎಂದು ಕೇಂದ್ರಕ್ಕೆ ಆದೇಶಿಸಿತು. ಎರಡು ದಿನಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ಮೇ 5ರಂದು ನೌಕಾಪಡೆಯ ತಲ್ವಾರ್ ಹಡಗು ಬಹ್ರೇನಿನಿಂದ 40 ಟನ್ ಆಕ್ಸಿಜನ್ ಹೊತ್ತು ನವಮಂಗಳೂರು ಬಂದರಿಗೆ ಬಂದು ಸೇರಿತು. ಇಸ್ರೇಲ್ ಕೂಡ ಆ ತಿಂಗಳು ನಮ್ಮ ದೇಶಕ್ಕೆ ಉಸಿರಾಟದ ಯಂತ್ರಗಳನ್ನು ಕಳುಹಿಸಿತು, ಅದನ್ನು ನಾವು ಮರೆಯಬಾರದು. ನಮ್ಮ ಬಂದರು ತೆರೆದಿತ್ತು, ಕಳುಹಿಸಿದವರದ್ದು ತಲುಪಿತು. ಗಾಜಾಕ್ಕೂ ಕಡಲಿದೆ. ಆದರೆ ಅಲ್ಲಿಗೆ ಹಡಗು ಬರುವಂತಿಲ್ಲ.

ಈಗ ಕೆಲವರ ಮನಸ್ಸಿನಲ್ಲಿರುವ ಮಾತನ್ನು ನಾವೇ ಎತ್ತುತ್ತೇವೆ. ಹಬ್ಬದ ದಿನ ದೇವಾಲಯದಲ್ಲಿ ರಾಜಕೀಯವೇಕೆ? ಅವರೇನು ನಮ್ಮವರೇ? ಗಾಜಾದಲ್ಲಿ 2023ಕ್ಕೆ ಮೊದಲು ಕ್ರೈಸ್ತರಿದ್ದದ್ದು ಸಾವಿರದಷ್ಟು, ಉಳಿದವರೆಲ್ಲ ಮುಸ್ಲಿಮರು. ಅಲ್ಲಿ ಅಂಗವಿಕಲ ಮಕ್ಕಳನ್ನು ನೋಡಿಕೊಳ್ಳುವ ಮದರ್ ತೆರೇಸಾರ ಸಿಸ್ಟರುಗಳು ಆ ಮಕ್ಕಳ ಧರ್ಮ ಕೇಳಿ ಮಡಿಲಿಗೆ ತೆಗೆದುಕೊಂಡವರಲ್ಲ. ಬಾಲಯೇಸುವಿಗೆ ಆಶ್ರಯ ಕೊಟ್ಟ ಈಜಿಪ್ಟಿನವರೂ ಇಸ್ರಾಯೇಲರ ದೇವರನ್ನು ಆರಾಧಿಸುತ್ತಿದ್ದ ಜನಾಂಗವಲ್ಲ.

ಇನ್ನೊಂದು ಅಳುಕು ಇದಕ್ಕಿಂತ ದೊಡ್ಡದು, ಅದನ್ನು ಹಗುರವಾಗಿ ನೋಡಲಾರೆವು. ನಮ್ಮ ಕರಾವಳಿಯ ಎಷ್ಟೋ ಕಥೋಲಿಕ ಮನೆಗಳ ಮಕ್ಕಳು ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿದ್ದಾರೆ. ಅಲ್ಲಿಂದ ಬಂದ ಹಣದಲ್ಲಿ ಇಲ್ಲಿ ಮನೆ ಎದ್ದಿದೆ, ತಂಗಿಯ ಮದುವೆಯಾಗಿದೆ. ಅಕ್ಟೋಬರ್ 7, 2023ರಂದು ಹಮಾಸ್ ಗಡಿ ನುಗ್ಗಿ ಸುಮಾರು 1200 ಜನರನ್ನು ಕೊಂದು 250ರಷ್ಟು ಜನರನ್ನು ಒತ್ತೆ ಹಿಡಿದಾಗ, ಇಲ್ಲಿ ಎಷ್ಟು ತಾಯಂದಿರು ಫೋನ್ ಕೆಳಗಿಡದೆ ರಾತ್ರಿ ಕಳೆದರು! ಆ ಕೊಲೆಗಳನ್ನು ಕೊಲೆಗಳೆಂದೇ ಹೇಳುತ್ತೇವೆ. ನಮ್ಮ ಹೆಣ್ಣುಮಕ್ಕಳು ಊಟ ಮಾಡಿಸುವ ಆ ಯೆಹೂದಿ ಅಜ್ಜ ಅಜ್ಜಿಯರಿಗೆ ಕೆಡುಕಾಗಲಿ ಎಂದು ಯಾರೂ ಕೇಳುತ್ತಿಲ್ಲ. ಒಂದು ಕಡೆಯ ರೋಗಿಯ ಹಾಸಿಗೆಯ ಬಳಿ ನಮ್ಮ ಮಗಳು ಕುಳಿತಿದ್ದಾಳೆ. ಇನ್ನೊಂದು ಕಡೆಯ ರೋಗಿಯ ಬಳಿ ಔಷಧಿಯೂ ಇರಲಿ ಎಂದಷ್ಟೇ ಕೇಳುತ್ತೇವೆ.

ಆಮೇಲಿನ ಎರಡು ವರ್ಷಗಳ ಯುದ್ಧದ ವಿವರಗಳನ್ನು ನೀವು ಓದಿದ್ದೀರಿ. ಗಾಜಾದ ಆರೋಗ್ಯ ಸಚಿವಾಲಯದ ಲೆಕ್ಕದಲ್ಲಿ ಸತ್ತವರು 60 ಸಾವಿರಕ್ಕೂ ಹೆಚ್ಚು. ಮಾರ್ಚ್ 2025ರಿಂದ ಹನ್ನೊಂದು ವಾರ ಒಂದು ಮೂಟೆ ಹಿಟ್ಟೂ ಒಳಗೆ ಹೋಗಲಿಲ್ಲ. ಜಗದ್ಗುರು ಫ್ರಾನ್ಸಿಸರು ಆಸ್ಪತ್ರೆಯ ಹಾಸಿಗೆಯಿಂದಲೂ ಪವಿತ್ರ ಕುಟುಂಬ ದೇವಾಲಯಕ್ಕೆ ಫೋನ್ ಮಾಡಿ, ಇಂದು ಏನು ಊಟ ಮಾಡಿದಿರಿ ಎಂದು ವಿಚಾರಿಸುತ್ತಿದ್ದರು. ಅವರು ತೀರಿಹೋದ ಮೂರು ತಿಂಗಳಿಗೆ, ಜುಲೈ 17, 2025ರಂದು, ಅದೇ ದೇವಾಲಯಕ್ಕೆ ಶೆಲ್ ಬಿದ್ದು ಮೂವರು ಸತ್ತರು.

ಆದರೆ ಆ ಯುದ್ಧದ ನಡುವೆಯೇ ನಡೆದ ಒಂದು ಘಟನೆಯನ್ನು ನಾವು ಬಿಡಲಾರೆವು. ಆಗಸ್ಟ್ 2024ರಲ್ಲಿ ಗಾಜಾದ ಹತ್ತು ತಿಂಗಳ ಮಗುವೊಂದಕ್ಕೆ ಪೋಲಿಯೋ ಬಂತು, 25 ವರ್ಷಗಳಲ್ಲಿ ಅಲ್ಲಿ ಅದೇ ಮೊದಲು. ಪೋಲಿಯೋ ಭಾನುವಾರಗಳಲ್ಲಿ ಮಕ್ಕಳನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತ ನಮ್ಮ ಅಮ್ಮಂದಿರಿಗೆ ಅದರ ಅರ್ಥ ಗೊತ್ತು. ವಿಶ್ವಸಂಸ್ಥೆ ಕೇಳಿತು, ಹಲವು ಸರ್ಕಾರಗಳು ಒತ್ತಾಯಿಸಿದವು. ಸೆಪ್ಟೆಂಬರಿನಲ್ಲಿ ಇಸ್ರೇಲ್ ಮತ್ತು ಹಮಾಸ್ ಎರಡೂ ಪ್ರದೇಶವಾರು ಕೆಲವು ಗಂಟೆಗಳ ಕಾಲ ಗುಂಡು ನಿಲ್ಲಿಸಿದವು. ಐದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ಬಾಯಿಗೆ ಹನಿ ಬಿತ್ತು. ಒಂದು ಮಗುವಿಗಾಗಿ ಫಿರಂಗಿ ನಿಂತದ್ದು ನಿಜವಾದರೆ, ಬಾಗಿಲು ತೆರೆಯಲಾಗದು ಎನ್ನುವ ಮಾತನ್ನು ನಾವು ಹೇಗೆ ನಂಬೋಣ?

ನಮ್ಮ ಭಾರತ 1988ರಲ್ಲೇ ಪ್ಯಾಲೆಸ್ತೀನನ್ನು ಮಾನ್ಯ ಮಾಡಿದ ದೇಶ. ಅಲ್ಲಿನ ನಿರಾಶ್ರಿತರಿಗಾಗಿ ಇರುವ ವಿಶ್ವಸಂಸ್ಥೆಯ ಸಂಸ್ಥೆಗೆ 2018ರಿಂದ ವರ್ಷಕ್ಕೆ 50 ಲಕ್ಷ ಡಾಲರ್ ಕೊಡಲು ತೊಡಗಿತು, ಅಕ್ಟೋಬರ್ 2023ರಲ್ಲಿ ವಿಮಾನದಲ್ಲಿ ಔಷಧಿ ಕಳುಹಿಸಿತು. ಅದಕ್ಕೆ ಕೃತಜ್ಞರಾಗಿದ್ದೇವೆ. ಆದರೆ ಜೂನ್ 2025ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 149 ದೇಶಗಳು ಕದನವಿರಾಮ ಬೇಕೆಂದು ಮತ ಹಾಕಿದಾಗ ನಮ್ಮ ದೇಶ ಮತ ಹಾಕದೆ ಉಳಿಯಿತು. ಎರಡೂ ಕಡೆಯ ಸ್ನೇಹ ಇರುವವರು ಮೌನವಾಗಿದ್ದರೆ ಮಾತನಾಡುವವರು ಯಾರು? ಅಕ್ಟೋಬರ್ 2025ರಲ್ಲಿ ಕದನವಿರಾಮವೇನೋ ಬಂತು. ಆದರೆ ಔಷಧಿ ಒಳಗೆ ಬರಲು, ರೋಗಿ ಹೊರಗೆ ಹೋಗಲು ಅನುಮತಿ ಬೇಕೆಂಬ ದಿಗ್ಬಂಧನ ಅದರಿಂದ ತೆರವಾಗಲಿಲ್ಲ.

ಆದ್ದರಿಂದ ಈ ಬಾರಿ ಕಾಣಿಕೆಯ ಜೊತೆಗೆ ಒಂದು ಪತ್ರವನ್ನೂ ಸಿದ್ಧಪಡಿಸಿದ್ದೇವೆ. ನಮ್ಮ ಲೋಕಸಭಾ ಸದಸ್ಯರಿಗೊಂದು, ದೆಹಲಿಯ ವಿದೇಶಾಂಗ ಸಚಿವರಿಗೊಂದು. ಬರೆದಿರುವುದು ಒಂದೇ ಪುಟ. ಯಾವ ಕಾರಣಕ್ಕೂ, ಯಾವ ಚೌಕಾಸಿಗೂ, ಲಸಿಕೆ, ಔಷಧಿ, ಆಸ್ಪತ್ರೆಯ ಇಂಧನ ಇವುಗಳನ್ನು ಗಡಿಯಲ್ಲಿ ತಡೆಯಬಾರದೆಂದು ಭಾರತ ಇಸ್ರೇಲಿಗೂ ಈಜಿಪ್ಟಿಗೂ ಬಾಯಿಬಿಟ್ಟು ಹೇಳಬೇಕು. ಹೊರಗೆ ಚಿಕಿತ್ಸೆ ಬೇಕಾದ ಗಾಜಾದ ಮಕ್ಕಳಲ್ಲಿ ಕೆಲವರಿಗಾದರೂ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಹಾಸಿಗೆ ಕೊಡುತ್ತೇವೆಂದು ಮುಂದೆ ಬರಬೇಕು. ಹಮಾಸನ್ನು ಹೊಗಳುವ ಒಂದು ಪದವೂ ಅದರಲ್ಲಿಲ್ಲ, ಇಸ್ರೇಲನ್ನು ಬೈಯುವ ಪದವೂ ಇಲ್ಲ. ಪಾಲನಾ ಸಮಿತಿಯವರು ಎರಡು ಸಲ ಓದಿ ತಿದ್ದಿದ್ದಾರೆ.

ಪೂಜೆ ಮುಗಿದ ಮೇಲೆ ಹೊರಬಾಗಿಲ ಬಳಿಯ ಮೇಜಿನ ಮೇಲೆ ಅದು ಇರುತ್ತದೆ. ಮೊದಲು ಓದಿ, ಒಪ್ಪಿಗೆಯಾದರೆ ಮನೆಗೊಬ್ಬರಾದರೂ ಸಹಿ ಮಾಡಿ. ಮಗಳ ವೀಸಾಕ್ಕೆ ತೊಂದರೆಯಾದೀತೆಂದು ಹೆದರುವವರು ಸಹಿ ಮಾಡಬೇಕಾಗಿಲ್ಲ, ಯಾರು ಮಾಡಿದರು ಯಾರು ಬಿಟ್ಟರು ಎಂದು ನೋಡಲು ಅಲ್ಲಿ ಯಾರೂ ನಿಂತಿರುವುದಿಲ್ಲ. ಮೇಜಿನ ಮೇಲೆ ನಾಲ್ಕು ಪೆನ್ನುಗಳಿವೆ, ದಯವಿಟ್ಟು ಮರೆತು ಜೇಬಿಗೆ ಹಾಕಿಕೊಳ್ಳಬೇಡಿ. ಲಕೋಟೆ ನಾಳೆ ಬೆಳಗ್ಗೆ ಅಂಚೆಗೆ ಹೋಗುತ್ತದೆ.

ಈಗ ಎದ್ದು ನಿಂತು ವಿಶ್ವಾಸ ಸಂಗ್ರಹವನ್ನು ಹೇಳೋಣ.